ಟೇಲ್ ಲೈಟ್‌ಗೆ ಎಲ್‌ಇಡಿ ಹಾಕಿದ ಮೇಲೆ ಬರುವ ತೊಂದರೆಗಳು: ಎಲ್ಲಿಂದ ಹುಡುಕಬೇಕು, ಏನು ಮಾಡಬೇಕು

ಕಾರಿನ ಹಿಂದಿನ ಲೈಟ್‌ಗಳಿಗೆ ಎಲ್‌ಇಡಿ ಬಲ್ಬ್ ಹಾಕುವುದು ಸಣ್ಣ ಕೆಲಸ. ಹಳೆಯದನ್ನು ಒತ್ತಿ, ತಿರುಗಿಸಿ ತೆಗೆದು ಹೊಸದನ್ನು ಕೂರಿಸಿದರೆ ಆಯಿತು. ತೊಂದರೆ ಶುರುವಾಗುವುದು ಆಮೇಲೆ. ಇಂಡಿಕೇಟರ್ ಟಕಟಕ ಅಂತ ಓಡುತ್ತದೆ. ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡ್ ಬೆಳಗುತ್ತದೆ. ಕೀ ತೆಗೆದ ಮೇಲೂ ಟೇಲ್ ಲೈಟ್ ಮಿಣಮಿಣ ಅನ್ನುತ್ತಿರುತ್ತದೆ. ಬಲ್ಬೇ ಸರಿಯಿಲ್ಲ ಅಂತ ಇನ್ನೊಂದು ತಂದು ಹಾಕಿದರೆ ಅದರಲ್ಲೂ ಅದೇ ಕಥೆ.

ಇವೆಲ್ಲ ಬೇರೆ ಬೇರೆ ದೋಷಗಳ ಹಾಗೆ ಕಾಣುತ್ತವೆ. ಬುಡ ಮಾತ್ರ ಹೆಚ್ಚುಕಮ್ಮಿ ಒಂದೇ. ಹಳೆಯ ಫಿಲಮೆಂಟ್ ಬಲ್ಬ್ ಬರೀ ಬೆಳಕು ಕೊಡುತ್ತಿರಲಿಲ್ಲ. 21 ವ್ಯಾಟ್‌ನ ಆ ತಂತಿ 12 ವೋಲ್ಟ್‌ನಲ್ಲಿ 1.75 ಆಂಪಿಯರ್ ಎಳೆಯುತ್ತಿತ್ತು. ಆ ಕರೆಂಟ್ ನೋಡಿಯೇ ಇಂಡಿಕೇಟರ್ ಮಿನುಗಿಸುವ ಫ್ಲ್ಯಾಶರ್‌ಗೆ ಬಲ್ಬ್ ಸರಿ ಇದೆ ಅಂತ ಗೊತ್ತಾಗುತ್ತಿತ್ತು. ಉರಿಯದೆ ಇದ್ದಾಗ ಅದೇ ತಂತಿ ಬೇರೆ ಸರ್ಕ್ಯೂಟ್‌ಗಳಿಗೆ ಅರ್ಥ್‌ಗೆ (ಬ್ಯಾಟರಿಯ ಮೈನಸ್‌ಗೆ ಸೇರಿರುವ ಕಾರಿನ ಲೋಹದ ಬಾಡಿಗೆ) ಹೋಗುವ ದಾರಿಯಾಗಿತ್ತು. ಸಣ್ಣಪುಟ್ಟ ಸೋರಿಕೆ ಕರೆಂಟನ್ನು ಯಾರಿಗೂ ಕಾಣದ ಹಾಗೆ ನುಂಗಿಕೊಳ್ಳುತ್ತಿತ್ತು. ಎಲ್‌ಇಡಿ ಈ ಯಾವ ಕೆಲಸವನ್ನೂ ಮಾಡುವುದಿಲ್ಲ. ಅದು ಎಳೆಯುವುದು ಸಾಮಾನ್ಯವಾಗಿ ಕಾಲು ಆಂಪಿಯರ್ ಆಸುಪಾಸು. ಹಾಗಾಗಿ ದೋಷ ಹುಡುಕುವಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟು: ಹಳೆ ಬಲ್ಬ್ ಮಾಡುತ್ತಿದ್ದ ಯಾವ ಕೆಲಸ ಈಗ ನಿಂತುಹೋಗಿದೆ?

ಶುರು ಮಾಡುವ ಮೊದಲು ಒಂದು ಮಾತು. ಟೇಲ್ ಲೈಟ್‌ಗೆ ಮಾನ್ಯತೆ ಸಿಗುವುದು ಅದಕ್ಕೆಂದೇ ಗೊತ್ತುಮಾಡಿದ ಬಲ್ಬ್ ಜೊತೆಯಲ್ಲಿ. ಫಿಲಮೆಂಟ್ ಲೈಟ್‌ಗೆ ಎಲ್‌ಇಡಿ ಬಲ್ಬ್ ಹಾಕಿ ರಸ್ತೆಯಲ್ಲಿ ಓಡಿಸಲು ಎಷ್ಟೋ ದೇಶಗಳಲ್ಲಿ ಅನುಮತಿ ಇಲ್ಲ. ನಿಮ್ಮಲ್ಲಿ ನಿಯಮ ಏನಿದೆ ಅಂತ ನೋಡಿಕೊಂಡೇ ಮುಂದುವರಿಯಿರಿ.

ಕೈಯಲ್ಲಿ ಏನಿರಬೇಕು

ಒಂದು ಮಲ್ಟಿಮೀಟರ್. ಬ್ರೇಕ್ ಒತ್ತಲು ಒಬ್ಬರು ಜೊತೆಗಾರರು. ಎಲ್ಲಕ್ಕಿಂತ ಮುಖ್ಯವಾಗಿ ತೆಗೆದಿಟ್ಟ ಹಳೆಯ ಬಲ್ಬ್‌ಗಳು. ಅವನ್ನು ದಯವಿಟ್ಟು ಬಿಸಾಡಬೇಡಿ. ದೋಷ ಹುಡುಕಲು ಅವಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಅವುಗಳಲ್ಲಿ ಒಂದಕ್ಕೆ ಎರಡು ವೈರ್ ಬೆಸುಗೆ ಹಾಕಿ, ತುದಿಗೆ ಕ್ಲಿಪ್ ಕಟ್ಟಿಕೊಳ್ಳಿ. ಅದೇ ನಿಮ್ಮ ಟೆಸ್ಟ್ ಲ್ಯಾಂಪ್. ಮೀಟರ್ ಇರುವಾಗ ಇದು ಯಾಕೆ ಅಂತ ಕೇಳಬಹುದು. ಡಿಜಿಟಲ್ ಮೀಟರ್ ಅಳೆಯುವಾಗ ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹೋಲ್ಡರ್‌ನ ಕಾಂಟ್ಯಾಕ್ಟ್ ಮುಕ್ಕಾಲು ಭಾಗ ತುಕ್ಕು ಹಿಡಿದಿದ್ದರೂ, ವೈರ್‌ನ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸಿಬಿಡುತ್ತದೆ. ಅಲ್ಲಿಗೆ 21 ವ್ಯಾಟ್ ಬಲ್ಬ್ ಹಚ್ಚಿ ನೋಡಿ. ಸರಿ ಇದ್ದರೆ ಝಗ್ ಅಂತ ಹತ್ತುತ್ತದೆ, ಇಲ್ಲದಿದ್ದರೆ ಕೆಂಪಗೆ ಮಂಕಾಗಿ ಕೂರುತ್ತದೆ. ಕಾರಿನ ಮೂಲ ಬಲ್ಬೇ ಅಷ್ಟು ವ್ಯಾಟ್‌ನದ್ದಾದ್ದರಿಂದ ಅದೇ ಹೋಲ್ಡರ್‌ನಲ್ಲಿ ಇದನ್ನು ಬಳಸಿದರೆ ಯಾವ ಹಾನಿಯೂ ಇಲ್ಲ.

ಮೊದಲ ಹೆಜ್ಜೆ: ಹಳೆಯದನ್ನು ವಾಪಸ್ ಹಾಕಿ

ದೋಷ ಯಾವುದೇ ಇರಲಿ, ಎಲ್‌ಇಡಿ ತೆಗೆದು ಹಳೆಯ ಬಲ್ಬ್ ಹಾಕಿ ನೋಡಿ. ಆಗಲೂ ತೊಂದರೆ ಇದ್ದರೆ ಅದು ಕಾರಿನಲ್ಲೇ ಮೊದಲಿಂದ ಇದ್ದ ದೋಷ. ಹೋಲ್ಡರ್, ಅರ್ಥ್ ಅಥವಾ ವೈರಿಂಗ್ ನೋಡಬೇಕು. ಹಳೆ ಬಲ್ಬ್‌ಗೆ ಎಲ್ಲ ಸರಿಯಾದರೆ ಎಲ್‌ಇಡಿ ಬಲ್ಬನ್ನು ಎಡದಿಂದ ಬಲಕ್ಕೆ ಬದಲಿಸಿ. ದೋಷವೂ ಬಲ್ಬ್ ಜೊತೆಗೇ ಹೋಯಿತಾ? ಬಲ್ಬ್ ಕೆಟ್ಟಿದೆ. ಮೊದಲಿನ ಜಾಗದಲ್ಲೇ ಉಳಿಯಿತಾ? ಆ ಹೋಲ್ಡರ್ ನೋಡಿ. ಎರಡೂ ಕಡೆ ಒಂದೇ ಥರ ಇದ್ದರೆ, ಆ ಬಲ್ಬ್‌ಗೂ ನಿಮ್ಮ ಕಾರಿಗೂ ಹೊಂದಾಣಿಕೆ ಇಲ್ಲ ಅಂತ ಅರ್ಥ. ಇಷ್ಟು ಮಾಡದೆ ವೈರ್ ಕತ್ತರಿಸಲು ಹೋಗಬೇಡಿ.

ಹತ್ತುವುದೇ ಇಲ್ಲ

ಫಿಲಮೆಂಟ್‌ಗೆ ಪ್ಲಸ್ ಮೈನಸ್ ಯಾವ ಕಡೆ ಇದ್ದರೂ ಆಗುತ್ತದೆ. ಎಲ್‌ಇಡಿಗೆ ಹಾಗಲ್ಲ. ಗಾಜಿನ ಬುಡದ, ಒತ್ತಿ ತೂರಿಸುವ ಬಲ್ಬ್ ಆದರೆ ಹೊರತೆಗೆದು, ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಹೋಲ್ಡರ್ ಒಳಗಿನ ಪಟ್ಟಿಗಳನ್ನು ನೋಡಿ. ಎಲ್‌ಇಡಿ ಬಲ್ಬ್‌ನ ಬುಡ ಹಳೆಯದಕ್ಕಿಂತ ಕೂದಲೆಳೆಯಷ್ಟು ತೆಳುವಾಗಿದ್ದರೂ ಪಟ್ಟಿ ಮುಟ್ಟುವುದಿಲ್ಲ. ಬಲ್ಬನ್ನು ಬೆರಳಿಂದ ಒಂದು ಕಡೆಗೆ ಒತ್ತಿದಾಗ ಹತ್ತಿ, ಬಿಟ್ಟಾಗ ಆರಿದರೆ ಇದೇ ಕಾರಣ. ಲೈಟ್ ಸ್ವಿಚ್ ಆಫ್ ಮಾಡಿ, ತೆಳು ಸ್ಕ್ರೂಡ್ರೈವರ್‌ನಿಂದ ಪಟ್ಟಿಗಳನ್ನು ಸ್ವಲ್ಪವೇ ಒಳಕ್ಕೆ ಬಗ್ಗಿಸಿ.

ಒತ್ತಿ ತಿರುಗಿಸುವ ಬಲ್ಬ್‌ನಲ್ಲಿ ಬುಡದ ಸೀಸದ ಗುಂಡಿ ಮತ್ತು ಹೋಲ್ಡರ್‌ನ ಸ್ಪ್ರಿಂಗ್ ನೋಡಿ. ವರ್ಷಗಟ್ಟಲೆ 21 ವ್ಯಾಟ್‌ನ ಬಿಸಿ ತಿಂದ ಪ್ಲಾಸ್ಟಿಕ್ ಹೋಲ್ಡರ್ ಕಂದುಬಣ್ಣಕ್ಕೆ ತಿರುಗಿ, ಸ್ಪ್ರಿಂಗ್ ಸತ್ತುಹೋಗಿರುತ್ತದೆ. ಜಾಸ್ತಿ ಕರೆಂಟ್ ಹರಿಯುವಾಗ ಕಾಂಟ್ಯಾಕ್ಟ್ ಮೇಲಿನ ತೆಳು ಕಿಲುಬನ್ನು ಅದೇ ಸುಟ್ಟುಕೊಂಡು ದಾಟುತ್ತಿತ್ತು. ಎಲ್‌ಇಡಿಯ ಚೂರು ಕರೆಂಟ್‌ಗೆ ಅದೇ ಕಿಲುಬು ದೊಡ್ಡ ಅಡ್ಡಿ. ಸಣ್ಣ ಮರಳುಕಾಗದದಿಂದ ಉಜ್ಜಿ. ಸುಟ್ಟ ಗುರುತಿದ್ದರೆ ಹೋಲ್ಡರ್ ಬದಲಾಯಿಸುವುದೇ ವಾಸಿ.

ಹಾಕಿದ ಕೂಡಲೇ ಫ್ಯೂಸ್ ಹೋಯಿತು ಅಂದರೆ ವಿಷಯ ಬೇರೆ. 7443 ಮತ್ತು 3157 ಜಾತಿಯ ಎರಡು ಫಿಲಮೆಂಟ್ ಬಲ್ಬ್‌ಗಳ ಹೋಲ್ಡರ್‌ಗಳಲ್ಲಿ ಎರಡು ಥರದ ವೈರಿಂಗ್ ಇದೆ: ಒಂದು ಸ್ಟ್ಯಾಂಡರ್ಡ್, ಇನ್ನೊಂದು ಸಿಕೆ. ಹೊರಗಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅರ್ಥ್ ಬರುವ ಕಾಲು ಮಾತ್ರ ಬೇರೆ. ಒಂದರ ಎಲ್‌ಇಡಿ ಇನ್ನೊಂದರಲ್ಲಿ ಕೂತರೆ ಒಳಗೇ ಶಾರ್ಟ್ ಆಗಬಹುದು. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಬಲ್ಬ್ ತೆಗೆದು, ಹೋಲ್ಡರ್‌ನ ಯಾವ ಯಾವ ಕಾಲುಗಳು ಬಾಡಿಗೆ ಸೇರಿವೆ ಅಂತ ಮೀಟರ್‌ನಲ್ಲಿ ನೋಡಿ, ಅದಕ್ಕೆ ಹೊಂದುವ ಬಲ್ಬನ್ನೇ ತನ್ನಿ. ಫ್ಯೂಸ್ ಹೋಗುತ್ತಿದೆ ಅಂತ ದೊಡ್ಡ ಫ್ಯೂಸ್ ಮಾತ್ರ ಹಾಕಬೇಡಿ. ಆಗ ಸುಡುವುದು ವೈರಿಂಗ್.

ಇಂಡಿಕೇಟರ್ ಓಟ

ಹೆಚ್ಚಿನವರು ಮೊದಲು ಎದುರಿಸುವುದು ಇದನ್ನೇ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು ಅಂತ ಅಂತರರಾಷ್ಟ್ರೀಯ ನಿಯಮ ಇದೆ. ಒಂದು ಬಲ್ಬ್ ಸುಟ್ಟುಹೋದರೆ ಓಡಿಸುವವರಿಗೆ ತಿಳಿಯಲಿ ಅಂತ ಫ್ಲ್ಯಾಶರ್ ಬೇಕೆಂದೇ ಜೋರಾಗಿ ಮಿನುಗಿಸುತ್ತದೆ. ಎಲ್‌ಇಡಿ ಹಾಕಿದಾಗ ಕರೆಂಟ್ ಕಡಿಮೆಯಾಯಿತಲ್ವಾ, ಅದಕ್ಕೆ ಬಲ್ಬ್ ಸುಟ್ಟಿದೆ ಅಂತಲೇ ಲೆಕ್ಕ. ಅಂದರೆ ಯಾವುದೂ ಕೆಟ್ಟಿಲ್ಲ, ಫ್ಲ್ಯಾಶರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ.

ದಾರಿ ಎರಡು. ಕಾರಿನಲ್ಲಿ ಪ್ರತ್ಯೇಕ ಫ್ಲ್ಯಾಶರ್ ರಿಲೇ ಇದ್ದರೆ ಅದನ್ನು ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ರಿಲೇಗೆ ಬದಲಾಯಿಸಿ. ಟಕ್ ಟಕ್ ಸದ್ದು ಬರುವ ಜಾಗಕ್ಕೆ ಕೈ ಇಟ್ಟರೆ ರಿಲೇ ಸಿಗುತ್ತದೆ. ಕೊಳ್ಳುವಾಗ ಪಿನ್‌ಗಳ ಸಂಖ್ಯೆ ಮಾತ್ರ ನೋಡಿದರೆ ಸಾಲದು, ಯಾವ ಪಿನ್ ಯಾವ ಕೆಲಸಕ್ಕೆ ಅಂತ ಹಳೆಯದರ ಜೊತೆ ಹೋಲಿಸಿ. ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಬಿಸಿಯ ಕಾಟ ಇಲ್ಲ, ವೈರ್ ಕತ್ತರಿಸಬೇಕಾಗಿಯೂ ಇಲ್ಲ.

ಈಚಿನ ಕಾರುಗಳಲ್ಲಿ ರಿಲೇ ಇರುವುದಿಲ್ಲ. ಲೈಟ್‌ಗಳನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್, ತಾನೇ ಮಿನುಗಿಸುತ್ತದೆ, ಟಕ್ ಟಕ್ ಸದ್ದನ್ನು ಸ್ಪೀಕರ್‌ನಿಂದ ಹೊರಡಿಸುತ್ತದೆ. ಅಲ್ಲಿ ಉಳಿಯುವ ದಾರಿ ಲೋಡ್ ರೆಸಿಸ್ಟರ್, ಅಂದರೆ ಹಳೆ ಬಲ್ಬ್‌ನ ಹಾಗೆ ಕರೆಂಟ್ ಎಳೆಯುವ ರೆಸಿಸ್ಟರ್. 21 ವ್ಯಾಟ್ ಬಲ್ಬ್‌ನ ಬದಲಿಗೆ ಸಾಮಾನ್ಯವಾಗಿ ಹಾಕುವುದು 6 ಓಮ್, 50 ವ್ಯಾಟ್‌ನದ್ದು. ಅದನ್ನು ಇಂಡಿಕೇಟರ್ ವೈರ್‌ಗೂ ಅರ್ಥ್‌ಗೂ ನಡುವೆ, ಅಂದರೆ ಬಲ್ಬ್‌ಗೆ ಪ್ಯಾರಲಲ್ ಆಗಿ ಕೊಡಬೇಕು. ಬಲ್ಬ್‌ನ ಜೊತೆ ಸೀರೀಸ್‌ನಲ್ಲಿ ಕೊಟ್ಟರೆ ಓಟವೂ ನಿಲ್ಲುವುದಿಲ್ಲ, ಪ್ರಯೋಜನವೂ ಇಲ್ಲ.

ಈ ರೆಸಿಸ್ಟರ್ ಬಗ್ಗೆ ಹುಷಾರಾಗಿರಿ. ಎಂಜಿನ್ ಓಡುವಾಗ 14 ವೋಲ್ಟ್ ಇರುತ್ತದೆ. 6 ಓಮ್‌ನಲ್ಲಿ ಅದು ಸುಮಾರು 33 ವ್ಯಾಟ್ ಬಿಸಿ. ಇಂಡಿಕೇಟರ್ ಅರ್ಧ ಹೊತ್ತು ಆರಿರುತ್ತದೆ, ಆದರೂ ಹಜಾರ್ಡ್ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಕೈ ಸುಡುವಷ್ಟು ಕಾಯುತ್ತದೆ. ಚಿನ್ನದ ಬಣ್ಣದ ಆ ಅಲ್ಯೂಮಿನಿಯಂ ಮೈಯನ್ನು ಬಾಡಿಯ ತಗಡಿಗೆ ಸ್ಕ್ರೂ ಹಾಕಿ ಕೂರಿಸಲೇಬೇಕು. ಡಬಲ್ ಸೈಡ್ ಟೇಪ್‌ನಿಂದ ಪ್ಲಾಸ್ಟಿಕ್‌ಗೆ ಅಂಟಿಸಿದ್ದು, ಟೈ ಹಾಕಿ ವೈರಿಂಗ್‌ಗೇ ಕಟ್ಟಿದ್ದು, ಡಿಕ್ಕಿಯ ಕಾರ್ಪೆಟ್ ಹಿಂದೆ ತೂರಿಸಿದ್ದು ಕಂಡರೆ ಅಲ್ಲೇ ಬಿಚ್ಚಿ. ಪ್ಲಾಸ್ಟಿಕ್ ಕರಗಿ, ವೈರ್ ಬೆತ್ತಲಾಗಿ ಶಾರ್ಟ್ ಆಗುತ್ತದೆ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಬ್ರೇಕ್ ಲೈಟ್‌ಗೆ ಹಾಕಿದ ರೆಸಿಸ್ಟರ್ ಆದರಂತೂ ಸಿಗ್ನಲ್‌ನಲ್ಲಿ ನಿಂತಷ್ಟು ಹೊತ್ತೂ ಪೂರ್ತಿ 33 ವ್ಯಾಟ್ ಸುಡುತ್ತಿರುತ್ತದೆ.

ಇಂಡಿಕೇಟರ್‌ದೇ ಇನ್ನೊಂದು ವಿಚಿತ್ರ ಇದೆ. ಎಡಕ್ಕೆ ಹಾಕಿದರೆ ನಾಲ್ಕೂ ಮಿನುಗುತ್ತವೆ. ಡ್ಯಾಶ್‌ಬೋರ್ಡ್‌ನಲ್ಲಿ ಎರಡೂ ಕಡೆಗೆ ಸೇರಿ ಒಂದೇ ಇಂಡಿಕೇಟರ್ ದೀಪ ಇರುವ ಹಳೆಯ ಗಾಡಿಗಳಲ್ಲಿ ಹೀಗಾಗುತ್ತದೆ. ಆ ದೀಪದ ಒಂದು ತುದಿ ಎಡದ ವೈರ್‌ಗೆ, ಇನ್ನೊಂದು ತುದಿ ಬಲದ ವೈರ್‌ಗೆ ಸೇರಿರುತ್ತದೆ. ಎಡ ಮಿನುಗುವಾಗ ಬಲಗಡೆಯ ಫಿಲಮೆಂಟ್‌ಗಳೇ ಅದಕ್ಕೆ ಅರ್ಥ್. ಈಗ ಅಲ್ಲಿ ಎಲ್‌ಇಡಿ ಕೂತಿದೆ. ಡ್ಯಾಶ್ ದೀಪದ ಮೂಲಕ ದಾಟಿ ಬರುವ ಅಷ್ಟು ಕರೆಂಟೇ ಅದು ಹತ್ತಲು ಸಾಕು. ಡ್ಯಾಶ್ ದೀಪಕ್ಕೆ ಎರಡೂ ಕಡೆಯಿಂದ ಒಂದೊಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಮೂಲಕ ಪ್ಲಸ್ ಕೊಟ್ಟು, ಅದರ ಇನ್ನೊಂದು ತುದಿಯನ್ನು ನೇರ ಅರ್ಥ್‌ಗೆ ಸೇರಿಸಿದರೆ ಮುಗಿಯಿತು.

ಬ್ರೇಕ್ ಒತ್ತಿದರೂ ವ್ಯತ್ಯಾಸ ಕಾಣುತ್ತಿಲ್ಲ

ಉಳಿದದ್ದೆಲ್ಲ ಕಿರಿಕಿರಿ ಅಷ್ಟೇ. ಇದು ಅಪಾಯ. ಟೇಲ್ ಮತ್ತು ಬ್ರೇಕ್ ಎರಡಕ್ಕೂ ಒಂದೇ ಬಲ್ಬ್ ಇರುವ ಕಾರಿನಲ್ಲಿ, ರಾತ್ರಿ ಬ್ರೇಕ್ ಒತ್ತಿದಾಗ ಬೆಳಕು ಎದ್ದು ಕಾಣದಿದ್ದರೆ ಹಿಂದಿನವರಿಗೆ ನೀವು ನಿಲ್ಲುತ್ತಿರುವುದೇ ಗೊತ್ತಾಗುವುದಿಲ್ಲ. ದೋಷ ಸರಿಹೋಗುವ ತನಕ ಹಳೆ ಬಲ್ಬ್ ಹಾಕಿಕೊಂಡೇ ಓಡಿಸಿ.

ಮೂಲ ಬಲ್ಬ್‌ನ ಲೆಕ್ಕ ನೋಡಿ. 21/5 ವ್ಯಾಟ್‌ನ ಎರಡು ಫಿಲಮೆಂಟ್ ಬಲ್ಬ್‌ನಲ್ಲಿ ಬ್ರೇಕ್ ತಂತಿ 440 ಲ್ಯೂಮೆನ್ ಕೊಡುತ್ತದೆ, ಟೇಲ್ ತಂತಿ 35. ಹನ್ನೆರಡು ಪಟ್ಟಿಗೂ ಮೇಲೆ. ಅಗ್ಗದ ಎಲ್‌ಇಡಿಗಳಲ್ಲಿ ಈ ಅಂತರ ಎರಡು ಮೂರು ಪಟ್ಟು ಕೂಡ ಇರುವುದಿಲ್ಲ. ಕಣ್ಣಿಗೆ ಅದು ಬರೀ ಒಂದು ಮಿಣುಕಿನಷ್ಟೇ ಕಾಣುತ್ತದೆ. ಅಂಥ ಬಲ್ಬ್‌ಗೆ ರಿಪೇರಿ ಇಲ್ಲ, ಬದಲಾಯಿಸಬೇಕು.

ಬಲ್ಬ್ ಒಳ್ಳೆಯದೇ ಆಗಿದ್ದರೆ ಅದು ಕೂತ ರೀತಿ ನೋಡಿ. ಎರಡು ಕಾಂಟ್ಯಾಕ್ಟ್‌ನ ಈ ಬಲ್ಬ್‌ಗೆ ಪಕ್ಕದ ಎರಡು ಪಿನ್‌ಗಳು ಬೇರೆ ಬೇರೆ ಎತ್ತರದಲ್ಲಿರುತ್ತವೆ, ತಿರುವುಮುರುವಾಗಿ ಕೂರಬಾರದು ಅಂತಲೇ. ಸವೆದ ಹೋಲ್ಡರ್‌ನಲ್ಲಿ ಬಲವಂತ ಮಾಡಿದರೆ ಉಲ್ಟಾ ಕೂತುಬಿಡುತ್ತದೆ. ಆಗ ಟೇಲ್ ಹಾಕಿದರೆ ಬ್ರೇಕ್‌ನಷ್ಟು ಬೆಳಕು, ಬ್ರೇಕ್ ಒತ್ತಿದರೆ ಏನೂ ಬದಲಾಗುವುದಿಲ್ಲ. ಒಂದೇ ಕಾಂಟ್ಯಾಕ್ಟ್‌ನ ಬಲ್ಬನ್ನು ಎರಡು ಕಾಂಟ್ಯಾಕ್ಟ್‌ನ ಹೋಲ್ಡರ್‌ಗೆ ತುರುಕಿದರೂ ಫಲ ಇದೇ. ಅಷ್ಟೇ ಅಲ್ಲ, ಅದು ಟೇಲ್ ಮತ್ತು ಬ್ರೇಕ್ ವೈರ್‌ಗಳನ್ನು ಒಂದಕ್ಕೊಂದು ಜೋಡಿಸಿಯೂ ಬಿಡುತ್ತದೆ.

ಬ್ರೇಕ್ ಒತ್ತಿದರೆ ಬೇರೇನೋ ಹತ್ತುತ್ತದೆ

ಸಂಜೆ ಹೊತ್ತು ಗಾಡಿ ಹಿಂದೆ ನಿಂತು ನೋಡಿ. ಲೈಟ್ ಸ್ವಿಚ್ ಆಫ್ ಇದೆ. ಜೊತೆಗಾರರು ಬ್ರೇಕ್ ಒತ್ತುತ್ತಾರೆ. ಬ್ರೇಕ್ ಲೈಟ್ ಹತ್ತುತ್ತದೆ, ಜೊತೆಗೇ ನಂಬರ್ ಪ್ಲೇಟ್ ದೀಪವೂ, ಒಳಗೆ ಡ್ಯಾಶ್‌ಬೋರ್ಡ್‌ನ ಬೆಳಕೂ ಹತ್ತುತ್ತವೆ. ಇಲ್ಲಿ ಕಾರಣ ಎರಡರಲ್ಲೊಂದು.

ಮೊದಲನೆಯದು ಬಲ್ಬ್ ಒಳಗಿನದು. ಎಲ್‌ಇಡಿ ಬಲ್ಬ್‌ನಲ್ಲಿ ಟೇಲ್‌ಗೂ ಬ್ರೇಕ್‌ಗೂ ಒಂದೇ ಎಲ್‌ಇಡಿ ಗುಂಪು ಇರುತ್ತದೆ. ಎರಡು ದಾರಿಗಳ ನಡುವೆ ತಡೆಯುವ ಡಯೋಡ್ ಇಲ್ಲದಿದ್ದರೆ, ಅಥವಾ ಅದು ಸುಟ್ಟಿದ್ದರೆ, ಬ್ರೇಕ್‌ನ ಕರೆಂಟ್ ಟೇಲ್ ವೈರ್‌ಗೆ ಹಿಮ್ಮುಖ ಹರಿಯುತ್ತದೆ. ಪರೀಕ್ಷೆ ಸುಲಭ. ಬಲ್ಬನ್ನು ಹೊರತೆಗೆದು, ಮೈಗೆ ಬ್ಯಾಟರಿಯ ಮೈನಸ್, ಬುಡದ ಒಂದು ಗುಂಡಿಗೆ ಸಣ್ಣ ಫ್ಯೂಸ್ ಮೂಲಕ ಪ್ಲಸ್ ಕೊಡಿ. ಇನ್ನೊಂದು ಗುಂಡಿಗೂ ಮೈಗೂ ನಡುವೆ 5 ವ್ಯಾಟ್‌ನ ಸಣ್ಣ ಬಲ್ಬ್ ಹಿಡಿಯಿರಿ. ಅದು ಮಂಕಾಗಿಯಾದರೂ ಹತ್ತಿದರೆ ಎಲ್‌ಇಡಿ ಬಲ್ಬ್ ಸೋರುತ್ತಿದೆ. ಗುಂಡಿಗಳನ್ನು ಅದಲುಬದಲು ಮಾಡಿಯೂ ನೋಡಿ. ಇಲ್ಲಿ ಮೀಟರ್ ಬಳಸಿದರೆ ಚಿಲ್ಲರೆ ಸೋರಿಕೆಯೂ ದೊಡ್ಡದಾಗಿ ಕಂಡು ದಾರಿ ತಪ್ಪಿಸುತ್ತದೆ.

ಎರಡನೆಯದು ಅರ್ಥ್. ಹಿಂದಿನ ಲೈಟ್‌ನ ಎಲ್ಲ ಬಲ್ಬ್‌ಗಳೂ ಸಾಮಾನ್ಯವಾಗಿ ಒಂದೇ ಅರ್ಥ್ ವೈರ್ ಹಂಚಿಕೊಳ್ಳುತ್ತವೆ. ಆ ವೈರ್ ಬಾಡಿಗೆ ಸೇರುವಲ್ಲಿ ತುಕ್ಕು ಹಿಡಿದರೆ ಕರೆಂಟ್ ವಾಪಸ್ ಹೋಗಲು ಬೇರೆ ದಾರಿ ಹುಡುಕುತ್ತದೆ: ಪಕ್ಕದ ಬಲ್ಬ್, ಅದರ ವೈರ್, ಮುಂದಿನ ಇಂಡಿಕೇಟರ್, ಅಲ್ಲಿನ ಅರ್ಥ್. ಮೊದಲೂ ಇದು ನಡೆಯುತ್ತಿದ್ದಿರಬಹುದು. ಫಿಲಮೆಂಟ್ ಅಷ್ಟು ಚೂರು ಕರೆಂಟ್‌ಗೆ ಕೆಂಪಾಗುವುದೂ ಇಲ್ಲ, ಎಲ್‌ಇಡಿ ಬೆಳಗಿ ತೋರಿಸುತ್ತದೆ. ಕೆಲವು ಬಲ್ಬ್ ಎಲ್‌ಇಡಿ, ಕೆಲವು ಇನ್ನೂ ಫಿಲಮೆಂಟ್ ಇರುವ ಗಾಡಿಯಲ್ಲಿ ಈ ಆಟ ಜೋರು.

ಅಳೆಯುವಾಗ ಒಂದು ಸೂಕ್ಷ್ಮ ಇದೆ. ಹೋಲ್ಡರ್‌ನ ಅರ್ಥ್ ಕಾಲಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಮೀಟರ್ ಹಿಡಿದು, ಲೈಟ್ ಹತ್ತಿಸಿ ವೋಲ್ಟ್ ನೋಡಬೇಕು. ಇದನ್ನು ಎಲ್‌ಇಡಿ ಇಟ್ಟುಕೊಂಡು ಮಾಡಬೇಡಿ. ಕರೆಂಟ್ ಕಡಿಮೆ ಇರುವುದರಿಂದ ಕೆಟ್ಟ ಅರ್ಥ್ ಕೂಡ ಒಳ್ಳೆಯದರ ಹಾಗೆ ಕಾಣುತ್ತದೆ. ಹಳೆ ಬಲ್ಬ್‌ಗಳನ್ನು ಹಾಕಿ, ಟೇಲ್, ಬ್ರೇಕ್, ಇಂಡಿಕೇಟರ್ ಎಲ್ಲ ಒಟ್ಟಿಗೆ ಹತ್ತಿಸಿ ನೋಡಿ. 0.1 ವೋಲ್ಟ್ ಆಸುಪಾಸು ಇದ್ದರೆ ಚೆನ್ನಾಗಿದೆ. ಅರ್ಧ ವೋಲ್ಟ್ ಬಂದರೆ ಅರ್ಥ್ ಕೆಟ್ಟಿದೆ, ಬೇರೆ ಯೋಚನೆ ಬೇಡ.

ಡಿಕ್ಕಿಯ ಪಕ್ಕದ ಪ್ಲಾಸ್ಟಿಕ್ ಕವರ್ ತೆಗೆದರೆ ಕಂದು ಅಥವಾ ಕಪ್ಪು ವೈರ್‌ಗಳ ಗೊಂಚಲು ಒಂದು ಬೋಲ್ಟ್‌ಗೆ ಸೇರಿರುವುದು ಕಾಣುತ್ತದೆ. ಬಿಚ್ಚಿ ನೋಡಿ. ಉಂಗುರದ ಅಡಿಯಲ್ಲಿ ಹಸಿರು ಪುಡಿ ಕೂತಿರುತ್ತದೆ, ಇಲ್ಲವೇ ಬಾಡಿಗೆ ಮತ್ತೆ ಪೇಂಟ್ ಹೊಡೆದಾಗ ಆ ಜಾಗಕ್ಕೂ ಹೊಡೆದಿರುತ್ತಾರೆ. ತಗಡು ಹೊಳೆಯುವ ತನಕ ಉಜ್ಜಿ, ಉಂಗುರವನ್ನೂ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿ. ಮತ್ತೆ ಅಳೆಯಿರಿ.

ಆಫ್ ಆದರೂ ಮಿನುಗು, ಡ್ಯಾಶ್‌ನಲ್ಲಿ ಬಲ್ಬ್ ಎಚ್ಚರಿಕೆ

ಕಂಟ್ರೋಲ್ ಮಾಡ್ಯೂಲ್ ಇರುವ ಕಾರುಗಳು ಬಲ್ಬ್ ಆರಿರುವಾಗಲೂ ಆಗಾಗ ಸಣ್ಣ ಪಲ್ಸ್ ಕಳಿಸಿ ತಂತಿ ಇದೆಯಾ ಅಂತ ನೋಡುತ್ತವೆ. ತಣ್ಣಗಿನ ಫಿಲಮೆಂಟ್‌ಗೆ ಅದು ಏನೂ ಅಲ್ಲ. ಎಲ್‌ಇಡಿ ಮಾತ್ರ ಪ್ರತಿ ಪಲ್ಸ್‌ಗೂ ಮಿಂಚುತ್ತದೆ. ಉತ್ತರ ಸರಿಯಾಗಿ ಸಿಗದಿದ್ದರೆ ಮಾಡ್ಯೂಲ್ ಎಚ್ಚರಿಕೆ ಕೊಡುತ್ತದೆ, ಕೆಲವು ಕಾರುಗಳಲ್ಲಿ ಆ ಸರ್ಕ್ಯೂಟನ್ನೇ ಬಂದ್ ಮಾಡುತ್ತದೆ.

ಕ್ಯಾನ್‌ಬಸ್ ಅಂತ ಬರೆದ ಬಲ್ಬ್‌ಗಳು ಇದಕ್ಕೇ ಬಂದಿರುವುದು. ಒಳಗೆ ರೆಸಿಸ್ಟರ್ ಇಟ್ಟು ಜಾಸ್ತಿ ಕರೆಂಟ್ ಎಳೆಯುತ್ತವೆ. ಆದರೆ ಆ ಬಿಸಿ ಎಲ್‌ಇಡಿಯ ಪಕ್ಕದಲ್ಲೇ ಕೂರುತ್ತದೆ, ಬಲ್ಬ್‌ನ ಆಯಸ್ಸು ತಿನ್ನುತ್ತದೆ. ಹೊರಗೆ ತಗಡಿಗೆ ಕೂರಿಸಿದ ರೆಸಿಸ್ಟರೇ ನನಗೆ ಹೆಚ್ಚು ನಂಬಿಕೆಯದು.

ಇನ್ನೂ ಕಷ್ಟದ್ದು ಪಿಡಬ್ಲ್ಯೂಎಂ (ಪಲ್ಸ್ ವಿಡ್ತ್ ಮಾಡ್ಯುಲೇಷನ್). ಕೆಲವು ಕಾರುಗಳಲ್ಲಿ 21 ವ್ಯಾಟ್‌ನ ಒಂದೇ ತಂತಿ ಟೇಲ್‌ಗೂ ಬ್ರೇಕ್‌ಗೂ ಕೆಲಸ ಮಾಡುತ್ತದೆ. ಟೇಲ್‌ಗೆ ಕರೆಂಟನ್ನು ಬೇಗ ಬೇಗ ಆನ್ ಆಫ್ ಮಾಡಿ ಮಂಕು ಮಾಡುತ್ತಾರೆ. ಟೇಲ್ ಹತ್ತಿಸಿ ಮೀಟರ್ ಹಿಡಿದಾಗ ಐದಾರು ವೋಲ್ಟ್ ಮಾತ್ರ, ಬ್ರೇಕ್ ಒತ್ತಿದಾಗ ಅದೇ ಕಾಲಿನಲ್ಲಿ ಪೂರ್ತಿ 12 ಬಂದರೆ ನಿಮ್ಮದು ಈ ಜಾತಿ. ಎಲ್‌ಇಡಿ ಇಲ್ಲಿ ನಡುಗುತ್ತದೆ. ನಡುಕ ನಿಲ್ಲಿಸಲು ಬಲ್ಬ್‌ಗೂ ಹೋಲ್ಡರ್‌ಗೂ ನಡುವೆ ಡಿಕೋಡರ್ ಅನ್ನುವ, ಕೆಪಾಸಿಟರ್ ಇರುವ ಸಣ್ಣ ಡಬ್ಬಿ ಹಾಕಿದರೆ ಅದು ಪಲ್ಸ್‌ಗಳ ನಡುವಿನ ಖಾಲಿಯನ್ನು ತುಂಬಿ, ಟೇಲನ್ನೇ ಬ್ರೇಕ್‌ನಷ್ಟು ಬೆಳಗಿಸಬಹುದು. ಅಂದರೆ ಮೇಲೆ ಹೇಳಿದ ಅಪಾಯ ನೀವೇ ತಂದುಕೊಂಡ ಹಾಗೆ. ಇಂಥ ಕಾರಿನಲ್ಲಿ ಆ ಒಂದು ಜಾಗಕ್ಕೆ ಫಿಲಮೆಂಟ್ ಬಲ್ಬೇ ಇರಲಿ ಅನ್ನುತ್ತೇನೆ.

ಕ್ರೂಸ್ ಕಂಟ್ರೋಲ್ ನಿಂತಿತಾ?

ಸಂಬಂಧವೇ ಇಲ್ಲ ಅನ್ನಿಸುವ ದೋಷ ಇದು. ಕೆಲವು ಹಳೆಯ ಕಾರುಗಳಲ್ಲಿ ಕ್ರೂಸ್ ಕಂಟ್ರೋಲ್ (ವೇಗವನ್ನು ತಾನೇ ಒಂದೇ ಸಮ ಇಡುವ ವ್ಯವಸ್ಥೆ) ಆರಿದ ಬ್ರೇಕ್ ಬಲ್ಬ್‌ನ ತಂತಿಯ ಮೂಲಕ ಅರ್ಥ್ ನೋಡುತ್ತದೆ. ಅರ್ಥ್ ಸಿಗದಿದ್ದರೆ ಬ್ರೇಕ್ ಒತ್ತಿದ್ದಾರೆ ಅಥವಾ ಬಲ್ಬ್ ಹೋಗಿದೆ ಅಂತ ಲೆಕ್ಕ ಹಾಕಿ ಕೆಲಸ ನಿಲ್ಲಿಸುತ್ತದೆ. ಒಂದು ಬ್ರೇಕ್ ಲೈಟ್‌ಗೆ ಹಳೆ ಬಲ್ಬ್ ಹಾಕಿ ಓಡಿಸಿ ನೋಡಿ. ಕ್ರೂಸ್ ಬಂದರೆ ಕಾರಣ ಸಿಕ್ಕಿತು. ಒಂದು ಕಡೆ ರೆಸಿಸ್ಟರ್ ಹಾಕಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಲೈಟ್ ಹತ್ತಿದಾಗ ರೇಡಿಯೊದಲ್ಲಿ ಗೊರಗೊರ ಸದ್ದು ಬಂದರೆ ಬಲ್ಬ್ ಒಳಗಿನ ಡ್ರೈವರ್ ಸರ್ಕ್ಯೂಟ್ ಕಾರಣ. ಬಲ್ಬ್ ಬದಲಾಯಿಸಿ, ಬೇರೆ ಸರ್ಕಸ್ ಬೇಡ.

ಎಲ್ಲ ಸರಿ, ಬೆಳಕು ಮಾತ್ರ ಸಾಲದು

ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದ್ದೀರಾ ನೋಡಿ. ಬಿಳಿ ಎಲ್‌ಇಡಿ ಅಂದರೆ ನೀಲಿ ಎಲ್‌ಇಡಿ ಮೇಲೆ ಹಳದಿ ಫಾಸ್ಫರ್ ಲೇಪ. ಅದರಲ್ಲಿ ಕೆಂಪಿನ ಅಂಶ ಕಡಿಮೆ, ಉಳಿದದ್ದನ್ನು ಗಾಜು ತಡೆಯುತ್ತದೆ. ಫಲವಾಗಿ ಮಂಕು ಗುಲಾಬಿ ಬಣ್ಣ. ಕೆಂಪು ಗಾಜಿಗೆ ಕೆಂಪು ಎಲ್‌ಇಡಿ, ಇಂಡಿಕೇಟರ್‌ಗೆ ಕಿತ್ತಳೆ ಎಲ್‌ಇಡಿ, ರಿವರ್ಸ್‌ಗೆ ಬಿಳಿ. ಇದರಲ್ಲಿ ರಾಜಿ ಇಲ್ಲ.

ಬಣ್ಣ ಸರಿ ಇದ್ದರೆ ರಿಫ್ಲೆಕ್ಟರ್ ನೋಡಿ. ಹಳೆ ಬಲ್ಬ್‌ನ ತಂತಿ ಎಲ್ಲಿತ್ತೋ ಅಲ್ಲಿಂದ ಸುತ್ತಲೂ ಬೆಳಕು ಹೊರಡುತ್ತದೆ ಅಂತ ಎಣಿಸಿ ರಿಫ್ಲೆಕ್ಟರ್ ಮಾಡಿರುತ್ತಾರೆ. ಎಲ್‌ಇಡಿಗಳು ತುದಿಯಲ್ಲಷ್ಟೇ ಇರುವ ಬಲ್ಬ್ ಆದರೆ ಬೆಳಕು ನೇರ ಮುಂದಕ್ಕೆ ಹೋಗಿ ನಡುವೆ ಒಂದು ಚುಕ್ಕಿ ಹೊಳೆಯುತ್ತದೆ, ಸುತ್ತ ಕತ್ತಲೆ. ಪಕ್ಕದ ಸುತ್ತಲೂ ಎಲ್‌ಇಡಿ ಇರುವ, ಹಳೆಯದರಷ್ಟೇ ಎತ್ತರದ ಬಲ್ಬ್ ಆರಿಸಿ. ಎಲ್‌ಇಡಿ ಬಿಸಿಯಾದಂತೆ ಮಂಕಾಗುತ್ತದೆ, ಆದ್ದರಿಂದ ಹತ್ತಿಸಿದ ಕ್ಷಣಕ್ಕೆ ನೋಡಿ ಒಪ್ಪಿಕೊಳ್ಳಬೇಡಿ. ಟೇಲ್ ಲೈಟ್ ಅರ್ಧ ಗಂಟೆ ಹತ್ತಿರಲಿ, ಬ್ರೇಕನ್ನು ಕೆಲವು ನಿಮಿಷ ಒತ್ತಿ ಹಿಡಿಯಲಿ, ಆಮೇಲೆ ನೋಡಿ.

ಫಿಲಮೆಂಟ್ ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ತೆಗೆದುಕೊಳ್ಳುತ್ತದೆ. ಎಲ್‌ಇಡಿ ಒತ್ತಿದ ಕ್ಷಣಕ್ಕೆ ಹತ್ತುತ್ತದೆ. 100 ಕಿಲೋಮೀಟರ್ ವೇಗದಲ್ಲಿ ಬರುವ ಹಿಂದಿನ ಗಾಡಿಗೆ ಅದು ಐದೂವರೆ ಮೀಟರ್ ಲಾಭ. ಆದರೆ ಬೆಳಕು ಸಾಲದಿದ್ದರೆ ಆ ಲಾಭ ಯಾರಿಗೂ ಸಿಗುವುದಿಲ್ಲ. ಅದಕ್ಕೆ ಕೊನೆಯ ಪರೀಕ್ಷೆಯನ್ನು ರಾತ್ರಿ ಮಾಡಿದರೆ ಸಾಲದು, ಮಧ್ಯಾಹ್ನದ ಬಿಸಿಲಿನಲ್ಲೂ ಮಾಡಿ. ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಹಳೆ ಬಲ್ಬ್ ಹಾಕಿ. ಗಾಡಿಯ ನೇರ ಹಿಂದೆ ದೂರ ನಿಂತು, ಆಮೇಲೆ ಎರಡೂ ಪಕ್ಕಕ್ಕೆ ಓರೆಯಾಗಿ ನಿಂತು ಬ್ರೇಕ್ ಒತ್ತಿಸಿ. ಎಲ್‌ಇಡಿ ಕಡೆ ಮಂಕಾಗಿ ಕಂಡರೆ ಆ ಬಲ್ಬ್ ವಾಪಸ್ ಕೊಟ್ಟು ಬೇರೆ ತನ್ನಿ.